ಪ್ರಗತಿ ಪತ್ರದ 3 ಎಂದರೆ ಶೇಕಡಾ 75 ಅಲ್ಲ

ಪ್ರಶ್ನೆ: ನಾವು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಹತ್ತಿರದ ಊರೊಂದರಲ್ಲಿ ಇದ್ದೇವೆ. ಮಗಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಜನವರಿ ಕೊನೆಯಲ್ಲಿ ಅರ್ಧ ವರ್ಷದ ಪ್ರಗತಿ ಪತ್ರ ಬಂತು. ಅದರಲ್ಲಿ ಅಂಕಗಳಿಲ್ಲ, ಎ-ಬಿ-ಸಿ ಗ್ರೇಡುಗಳೂ ಇಲ್ಲ. ಗಣಿತ ಮತ್ತು ಭಾಷೆಯ ಕೆಳಗೆ 22 ಸಾಲುಗಳಿದ್ದು, ಪ್ರತಿ ಸಾಲಿನ ಮುಂದೆ 1ರಿಂದ 4ರೊಳಗಿನ ಒಂದು ಸಂಖ್ಯೆ ಇದೆ. 17 ಸಾಲುಗಳಲ್ಲಿ 3, ಐದರಲ್ಲಿ 2; 4 ಒಂದೂ ಇಲ್ಲ. ನಮ್ಮ ಯಜಮಾನರು ಎಲ್ಲವನ್ನೂ ಕೂಡಿ, "69 ಪರ್ಸೆಂಟ್, ಏನೂ ಸಾಲದು" ಎಂದರು. ಹಾಸನದಲ್ಲಿರುವ ಮಾವನವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು, "ಕ್ಲಾಸಿಗೆ ಎಷ್ಟನೆಯವಳು?" ಎಂದು ಪ್ರತಿ ವಾರ ಫೋನಿನಲ್ಲಿ ಕೇಳುತ್ತಾರೆ. ನನಗೆ ಇಬ್ಬರಿಗೂ ಉತ್ತರ ಹೇಳಲು ತಿಳಿಯುತ್ತಿಲ್ಲ. ಟೀಚರ್ ಜೊತೆ 20 ನಿಮಿಷದ ಭೇಟಿಗೆ ಸಮಯ ಸಿಕ್ಕಿದೆ. ಏನು ಕೇಳಬೇಕು? ಎರಡು ವರ್ಷದಲ್ಲಿ ಬೆಂಗಳೂರಿಗೆ ಮರಳುವ ಯೋಚನೆಯಿದೆ. ಅಲ್ಲಿ ಈ ಪತ್ರಕ್ಕೆ ಬೆಲೆ ಇರುತ್ತದೆಯೇ?

ಉತ್ತರ: ಮೊದಲು ಆ 69ನ್ನು ಮನಸ್ಸಿನಿಂದ ತೆಗೆದುಹಾಕಿ. ನಿಮ್ಮ ಯಜಮಾನರ ಲೆಕ್ಕದಲ್ಲಿ ತಪ್ಪಿಲ್ಲ: 17 ಮೂರುಗಳು 51, ಐದು ಎರಡುಗಳು 10, ಒಟ್ಟು 61, 88ಕ್ಕೆ ಅದು ಶೇಕಡಾ 69 ಆಗುತ್ತದೆ. ತಪ್ಪಾಗಿರುವುದು ಕೂಡಬಾರದ್ದನ್ನು ಕೂಡಿದ್ದರಲ್ಲಿ. ಈ ಬಗೆಯ ಪ್ರಗತಿ ಪತ್ರದಲ್ಲಿ 1, 2, 3, 4 ಎಂಬುವು ಇಷ್ಟಕ್ಕೆ ಇಷ್ಟು ಎಂದು ಅಳೆದ ಅಂಕಗಳಲ್ಲ, ಹಂತಗಳ ಹೆಸರುಗಳು. ಸರಳೆ ವರಸೆ ಮುಗಿಸಿ ಜಂಟಿ ವರಸೆ ಹಾಡುತ್ತಿರುವ ಹುಡುಗಿಯ ಬಗ್ಗೆ ಸಂಗೀತದ ಮೇಷ್ಟ್ರು "ಶೇಕಡಾ 40" ಎಂದು ಹೇಳುವುದಿಲ್ಲ. "ಎರಡನೇ ಕಾಲದ ವೇಗದವರೆಗೆ ಶ್ರುತಿ, ತಾಳ ಎರಡೂ ನಿಂತಿವೆ, ಮೂರನೇ ಕಾಲಕ್ಕೆ ಹೋದರೆ ತಾಳ ಓಡುತ್ತದೆ" ಎನ್ನುತ್ತಾರೆ. ಮಗು ಎಲ್ಲಿದೆ, ಎಲ್ಲಿ ಎಡವುತ್ತಿದೆ, ಮನೆಯಲ್ಲಿ ಏನನ್ನು ಸಾಧನೆ ಮಾಡಿಸಬೇಕು ಎಂಬುದೆಲ್ಲ ಆ ಒಂದು ಮಾತಿನಲ್ಲಿಯೇ ಬಂದುಬಿಡುತ್ತದೆ. ನಿಮ್ಮ ಕೈಯಲ್ಲಿರುವ ಪತ್ರವೂ ಇದೇ ಮಾತನ್ನು ಹೇಳಲು ಹೊರಟದ್ದು. ಅದು ಎಷ್ಟು ಚೆನ್ನಾಗಿ ಹೇಳಿದೆ ಎಂಬುದು ಬೇರೆ ವಿಷಯ, ಅದಕ್ಕೆ ಮುಂದೆ ಬರುತ್ತೇನೆ.

ಇದನ್ನು ಅಲ್ಲಿ ಸ್ಟ್ಯಾಂಡರ್ಡ್ಸ್ ಬೇಸ್ಡ್ ಗ್ರೇಡಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಮಾನದಂಡ ಆಧಾರಿತ ಮೌಲ್ಯಮಾಪನ ಎನ್ನಬಹುದು. ಪ್ರತಿ ತರಗತಿಯ ಕೊನೆಗೆ ಮಗುವಿಗೆ ಏನೇನು ತಿಳಿದಿರಬೇಕು, ಏನೇನು ಮಾಡಲು ಬರಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಅದರ ಎದುರಿಗೆ ಮಗುವಿನ ಕೆಲಸವನ್ನಿಟ್ಟು ನೋಡುವುದು ಈ ಕ್ರಮದ ಸಾರ. ಅಮೆರಿಕದಲ್ಲಿ ಕಾಮನ್ ಕೋರ್ ಎಂಬ ಮಾನದಂಡಗಳು 2010ರಲ್ಲಿ ಪ್ರಕಟವಾದವು, ಮರುವರ್ಷ ವಾಷಿಂಗ್ಟನ್ ರಾಜ್ಯ ಅವನ್ನು ಒಪ್ಪಿಕೊಂಡಿತು. ಆ ಪ್ರಕಾರ ಮೂರನೇ ತರಗತಿ ಮುಗಿಯುವಾಗ ಒಂದಂಕಿಯ ಎರಡು ಸಂಖ್ಯೆಗಳ ಗುಣಲಬ್ಧವೆಲ್ಲ, ಅಂದರೆ ನಮ್ಮ ಒಂಬತ್ತರವರೆಗಿನ ಮಗ್ಗಿ, ಬಾಯಲ್ಲಿರಬೇಕು. ಎರಡು ಹೆಜ್ಜೆಯ ಲೆಕ್ಕದ ಕಥೆಗಳನ್ನು ಬಿಡಿಸಬೇಕು. 2, 3, 4, 6, 8 ಛೇದವಾಗಿರುವ ಭಿನ್ನರಾಶಿಗಳನ್ನು ಅರ್ಥಮಾಡಿಕೊಂಡಿರಬೇಕು. ಓದಿದ ಬರಹದ ಮುಖ್ಯ ವಿಚಾರವನ್ನು ಹೇಳಿ, ಬರಹದಿಂದಲೇ ಅದಕ್ಕೆ ಆಧಾರ ತೋರಿಸಬೇಕು. ನಿಮ್ಮ 22 ಸಾಲುಗಳು ಇಂಥವುಗಳ ಸಂಕ್ಷಿಪ್ತ ರೂಪ. 3 ಎಂದರೆ ಆ ಸಾಲಿನಲ್ಲಿ ಹೇಳಿದ್ದು ಮಗುವಿಗೆ ಬಂದಿದೆ ಎಂದರ್ಥ. ಅದು ನಾಲ್ಕಕ್ಕೆ ಮೂರಲ್ಲ. ಕೇಳಿದ್ದಿಷ್ಟು, ಬಂದದ್ದೂ ಅಷ್ಟೇ.

ಸರಾಸರಿಯ ಮೇಲೆ ಇಷ್ಟು ಅಪನಂಬಿಕೆ ಏಕೆ ಎಂದು ನಿಮ್ಮ ಯಜಮಾನರು ಕೇಳಬಹುದು, ಅವರಿಗೆ ಒಂದು ಲೆಕ್ಕ ತೋರಿಸಿ. ಮಗ್ಗಿಯ ಮೇಲೆ ಸೆಪ್ಟೆಂಬರಿನಿಂದ ಜನವರಿವರೆಗೆ ತಿಂಗಳಿಗೊಂದರಂತೆ ಹತ್ತು ಅಂಕದ ಐದು ಕಿರುಪರೀಕ್ಷೆಗಳು ನಡೆದವು ಎಂದಿಟ್ಟುಕೊಳ್ಳಿ. ಒಂದು ಮಗು ಕ್ರಮವಾಗಿ 3, 5, 7, 9, 10 ತೆಗೆದುಕೊಂಡಿತು. ಇನ್ನೊಂದು 7, 7, 7, 7, 6. ಇಬ್ಬರ ಮೊತ್ತವೂ 34, ಇಬ್ಬರಿಗೂ ಶೇಕಡಾ 68. ಮೊದಲನೆಯ ಮಗುವಿಗೆ ಇಂದು "ಏಳೆಂಟ್ಲ" ಎಂದು ಶುರುಮಾಡಿದರೆ "ಐವತ್ತಾರು" ತಡವಿಲ್ಲದೆ ಬರುತ್ತದೆ. ಎರಡನೆಯದಕ್ಕೆ ಸೆಪ್ಟೆಂಬರಿನಲ್ಲಿ ಯಾವ ಲೆಕ್ಕಗಳು ತಪ್ಪುತ್ತಿದ್ದವೋ ಬಹುಶಃ ಅವೇ ಇಂದಿಗೂ ತಪ್ಪುತ್ತಿವೆ, ಅದನ್ನು ಯಾರೂ ಗಮನಿಸಿಲ್ಲ. ಶೇಕಡಾವಾರು ಪತ್ರ ಇವರಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತದೆ. ಮಾನದಂಡದ ಪತ್ರ, ಟೀಚರ್ ಅದನ್ನು ಸರಿಯಾಗಿ ಬರೆದರೆ, ಇತ್ತೀಚಿನ ಹಾಗೂ ಪದೇಪದೇ ಕಂಡ ಸಾಧನೆಯನ್ನೇ ಹಿಡಿದು ಮೊದಲನೆಯವಳಿಗೆ 3, ಎರಡನೆಯವಳಿಗೆ 2 ಎನ್ನುತ್ತದೆ. ಕಲಿಯುವ ಮೊದಲು ಬಾರದಿದ್ದದ್ದಕ್ಕೆ ಕಲಿತ ಮೇಲೂ ದಂಡ ಕಟ್ಟಿಸುವುದು ನ್ಯಾಯವಲ್ಲ ಎಂಬುದು ಇದರ ಹಿಂದಿನ ವಿಚಾರ.

ಅಂಕ ಎಂದರೆ ನಿಖರ, 1ರಿಂದ 4 ಎಂದರೆ ಮೊಗಮ್ಮು ಎಂಬ ಭಾವನೆಯೂ ನಮ್ಮಲ್ಲಿದೆ. 1912ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ಅನೇಕ ಪ್ರೌಢಶಾಲೆಗಳ ಶಿಕ್ಷಕರಿಗೆ ಕಳಿಸಿ ಅಂಕ ಕೊಡಿಸಿದಾಗ, ಬಂದ ಅಂಕಗಳು 64ರಿಂದ 98ರವರೆಗೆ ಹರಡಿದ್ದವು. ಭಾಷೆಯಲ್ಲವೇ, ಅಭಿರುಚಿಯ ಮಾತು ಎಂದು ಕೆಲವರು ತಳ್ಳಿಹಾಕಿದ್ದಕ್ಕೆ ಮರುವರ್ಷ ರೇಖಾಗಣಿತದ ಉತ್ತರಪತ್ರಿಕೆ ಕಳಿಸಿದರು; ಅದಕ್ಕೆ 28ರಿಂದ 95ರವರೆಗೆ ಅಂಕ ಬಂತು. ನಮ್ಮ ಮರುಮೌಲ್ಯಮಾಪನದ ಕಥೆಗಳನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ನೂರು ಮೆಟ್ಟಿಲುಗಳಲ್ಲಿ 71ನೆಯದಕ್ಕೂ 73ನೆಯದಕ್ಕೂ ನಡುವಿನ ವ್ಯತ್ಯಾಸವನ್ನು ಮಾತಿನಲ್ಲಿ ವಿವರಿಸಬಲ್ಲ ಶಿಕ್ಷಕರನ್ನು ನಾನು ಈವರೆಗೆ ಕಂಡಿಲ್ಲ. ನಾಲ್ಕೇ ಮೆಟ್ಟಿಲುಗಳಾದರೆ ಪ್ರತಿಯೊಂದನ್ನೂ ವಿವರಿಸಲು ಸಾಧ್ಯ.

ಅಂಥ ಒಂದು ವಿವರಣೆಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಪತ್ರ ಓದುವ ಕೌಶಲವೆಲ್ಲ ಇರುವುದು ಇಲ್ಲೇ. ಮೂರನೇ ತರಗತಿಯ ಪತ್ರಗಳಲ್ಲಿ "ಭಿನ್ನರಾಶಿಯನ್ನು ಸಂಖ್ಯಾರೇಖೆಯ ಮೇಲೆ ಗುರುತಿಸುತ್ತಾಳೆ" ಎಂಬರ್ಥದ ಸಾಲೊಂದು ಸಾಮಾನ್ಯವಾಗಿ ಇರುತ್ತದೆ. ಸೊನ್ನೆಯಿಂದ ಒಂದರವರೆಗೆ ಗೆರೆ ಎಳೆದು ಮುಕ್ಕಾಲು ಎಲ್ಲಿದೆ ತೋರಿಸು ಎಂದರೆ, 2ರ ಹಂತದಲ್ಲಿರುವ ಮಗು ಬಹಳ ಸಲ ಹೀಗೆ ಮಾಡುತ್ತದೆ: "ನಾಲ್ಕು ಭಾಗ ತಾನೇ" ಎಂದುಕೊಂಡು ಸೊನ್ನೆಗೂ ಒಂದಕ್ಕೂ ನಡುವೆ ನಾಲ್ಕು ಗೀಟು ಹಾಕುತ್ತದೆ, ಮೂರನೆಯ ಗೀಟಿನ ಮೇಲೆ 3/4 ಎಂದು ಬರೆಯುತ್ತದೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ನಾಲ್ಕು ಗೀಟು ಹಾಕಿದರೆ ಆಗುವುದು ಐದು ಭಾಗ. ಮಗು ತೋರಿಸಿರುವುದು ಐದರಲ್ಲಿ ಮೂರನ್ನು. ಇದೇ ಮಗುವಿಗೆ ಚಪಾತಿಯ ಚಿತ್ರ ಕೊಟ್ಟು ಮುಕ್ಕಾಲು ಭಾಗಕ್ಕೆ ಬಣ್ಣ ಹಚ್ಚು ಎಂದರೆ ತಪ್ಪಿಲ್ಲದೆ ಹಚ್ಚುತ್ತದೆ. ಅಂದರೆ ಭಿನ್ನರಾಶಿ ಅದಕ್ಕೆ "ತುಂಡು" ಎಂಬುದಾಗಿ ಗೊತ್ತಿದೆ, ಸಂಖ್ಯೆಗಳ ಸಾಲಿನಲ್ಲಿ ತನ್ನದೇ ಸ್ಥಾನವಿರುವ "ಸಂಖ್ಯೆ" ಎಂಬುದಾಗಿ ಇನ್ನೂ ಗೊತ್ತಾಗಿಲ್ಲ. 3ರ ಹಂತದ ಮಗು ಗೀಟುಗಳನ್ನು ಎಣಿಸದೆ ಸಮ ಅಂತರಗಳನ್ನು ಎಣಿಸುತ್ತದೆ, 5/4 ಎಲ್ಲಿ ಎಂದು ಕೇಳಿದರೆ ಹೆದರದೆ ಒಂದನ್ನು ದಾಟಿ ಮುಂದೆ ಹೋಗುತ್ತದೆ. 4ರ ಹಂತದ ಮಗುವಿಗೆ, ಮೊದಲು ಹೇಳಿದ ಆ ತಪ್ಪು ರೇಖೆಯನ್ನೇ ತೋರಿಸಿ "ಇದನ್ನು ಬರೆದವರಿಗೆ ಎಲ್ಲಿ ತಪ್ಪಿತು?" ಎಂದರೆ ಕಾರಣ ಬಿಡಿಸಿ ಹೇಳಲು ಬರುತ್ತದೆ.

ಈಗ ನೋಡಿ, ಆ ಸಾಲಿನ ಮುಂದೆ ಕುಳಿತ ಬರಿಯ 2ಕ್ಕೂ ಈ ವಿವರಣೆಗೂ ಎಷ್ಟು ದೂರ. ಮನೆಯಲ್ಲಿ ಅರ್ಧ ಗಂಟೆ ಕೂತು ಒಂದು ಅಳತೆಪಟ್ಟಿ, ಒಂದು ದಾರ ಇಟ್ಟುಕೊಂಡು ತಿದ್ದಬಹುದಾದ ತಪ್ಪು ಅದು. ಆದರೆ ಪತ್ರದಲ್ಲಿ 2 ಎಂದಷ್ಟೇ ಕಂಡ ತಾಯಿ ಭಿನ್ನರಾಶಿಯ 40 ಪುಟದ ಅಭ್ಯಾಸ ಪುಸ್ತಕ ತರಿಸುತ್ತಾರೆ, ಮಗು ಅದೇ ತಪ್ಪನ್ನು 40 ಪುಟ ಮಾಡುತ್ತದೆ. ಈ ಪದ್ಧತಿಯ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇದೇ: ಒಳಗೆ ಅಷ್ಟು ಒಳ್ಳೆಯ ತಿಳಿವಳಿಕೆಯನ್ನು ಕೂಡಿಟ್ಟುಕೊಂಡು, ಪೋಷಕರ ಕೈಗೆ ಮಾತ್ರ ಒಂದಂಕಿಯ ಒಂದು ಚೀಟಿ ಕೊಡುತ್ತಾರೆ. ನಾನೂ ಇದರಿಂದ ಹೊರತಲ್ಲ. ತರಗತಿಯಲ್ಲಿ ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಮಕ್ಕಳ ಪತ್ರಗಳಲ್ಲಿ "ಶ್ರದ್ಧೆಯಿಂದ ಕಲಿಯುತ್ತಾಳೆ, ಇನ್ನೂ ಸ್ವಲ್ಪ ಅಭ್ಯಾಸ ಬೇಕು" ಎಂಬ ಒಂದೇ ವಾಕ್ಯವನ್ನು ಮೂವತ್ತು ಕಡೆ ಬರೆದು, ಸಂಜೆ ಆರಕ್ಕೆ ಮನೆಗೆ ಹೋಗಿದ್ದೇನೆ.

ಇನ್ನು ಎರಡನೆಯ ಗೊಂದಲ, ಇದು ಅನೇಕ ಟೀಚರುಗಳಿಗೂ ಇದೆ. ಜನವರಿಯ 3 ಎಂದರೆ ಯಾವ ಹೊತ್ತಿನ 3? ಕೆಲವು ಶಾಲೆಗಳು ವರ್ಷಾಂತ್ಯದ ನಿರೀಕ್ಷೆಯನ್ನು ಎದುರಿಗಿಟ್ಟುಕೊಂಡು ಬರೆಯುತ್ತವೆ. ಆಗ ಜನವರಿಯಲ್ಲಿ 2 ಬರುವುದು ಸಹಜ, ಏಕೆಂದರೆ ಜೂನ್‌ಗೆ ಕಲಿಯಬೇಕಾದದ್ದನ್ನು ಮಗು ಇನ್ನೂ ಕಲಿಯುತ್ತಿದೆ. ಇನ್ನು ಕೆಲವು ಶಾಲೆಗಳು ಇಲ್ಲಿಯವರೆಗೆ ಪಾಠವಾದದ್ದರ ಮಟ್ಟಿಗೆ ಎಂಬ ಲೆಕ್ಕದಲ್ಲಿ ಬರೆಯುತ್ತವೆ. ಆಗ 2 ಎಂದರೆ ಸ್ವಲ್ಪ ಹಿಂದೆ ಬಿದ್ದಿದ್ದಾಳೆ, ಗಮನ ಕೊಡಿ ಎಂದರ್ಥ. ಮೊದಲನೆಯ ಕ್ರಮದಲ್ಲಿ ವರ್ಷದ ಮೊದಲ ಪತ್ರ ತಂದೆತಾಯಿಗಳನ್ನು ಸುಮ್ಮನೆ ಹೆದರಿಸುತ್ತದೆ. ಎರಡನೆಯದರಲ್ಲಿ ಮಗು ವರ್ಷವಿಡೀ ಬೆಳೆಯುತ್ತಿದ್ದರೂ ಪ್ರತಿ ಪತ್ರದಲ್ಲಿ 3, ಮತ್ತೆ 3 ಎಂದೇ ಬರುತ್ತದೆ, ತಂದೆತಾಯಿಗಳಿಗೆ ಮಗು ನಿಂತಲ್ಲೇ ನಿಂತಂತೆ ಕಾಣುತ್ತದೆ. ಎರಡೂ ಕ್ರಮಗಳು ಬಳಕೆಯಲ್ಲಿವೆ, ಎರಡರಲ್ಲೂ ಅದೇ 1ರಿಂದ 4. ನಿಮ್ಮ ಪತ್ರದ ಹಿಂಬದಿಯಲ್ಲಿಯೋ ಕೊನೆಯಲ್ಲಿಯೋ ಸಣ್ಣ ಅಕ್ಷರದಲ್ಲಿ ಯಾವುದು ಎಂದು ಬರೆದಿರುತ್ತಾರೆ, ಹುಡುಕಿ. ಅರ್ಧ ವರ್ಷಕ್ಕೇ 17 ಸಾಲುಗಳಲ್ಲಿ 3 ಬಂದಿರುವುದನ್ನು ನೋಡಿದರೆ ನಿಮ್ಮ ಶಾಲೆ ಎರಡನೆಯ ಕ್ರಮದ್ದಿರಬೇಕು ಎಂದು ನನ್ನ ಊಹೆ, ಮೊದಲನೆಯದಾಗಿದ್ದರೆ ನಿಮ್ಮ ಮಗಳು ಇಡೀ ವರ್ಷದ ಮುಕ್ಕಾಲು ಪಾಠವನ್ನು ಆಗಲೇ ಮುಗಿಸಿದ್ದಾಳೆ ಎಂದಾಗುತ್ತದೆ. ಊಹೆಯನ್ನು ನಂಬಿ ಕೂರಬೇಡಿ, ಭೇಟಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಆಗಲಿ. ಇದರ ಉತ್ತರ ಸಿಗದೆ ಉಳಿದ ಯಾವ ಸಂಖ್ಯೆಗೂ ಅರ್ಥವಿಲ್ಲ.

4 ಏಕಿಲ್ಲ ಎಂಬ ಕೊರಗಿಗೆ ಹೆಚ್ಚು ಹೊತ್ತು ಕೊಡಬೇಡಿ. ನಾಲ್ಕು ಹಂತಗಳಲ್ಲಿ ಶಾಲೆಯಿಂದ ಶಾಲೆಗೆ, ಟೀಚರಿಂದ ಟೀಚರಿಗೆ ಅತಿ ಹೆಚ್ಚು ಬದಲಾಗುವುದು ಈ 4ರ ಅರ್ಥವೇ. ಒಬ್ಬರು ಕಲಿತದ್ದನ್ನು ಹೊಸ ಸಂದರ್ಭದಲ್ಲಿ ಬಳಸಿದರೆ ಕೊಡುತ್ತಾರೆ, ಇನ್ನೊಬ್ಬರು ಮುಂದಿನ ತರಗತಿಯ ಪಾಠ ಬಂದರೆ ಕೊಡುತ್ತಾರೆ, ಮತ್ತೊಬ್ಬರು ಅರ್ಧ ವರ್ಷದ ಪತ್ರದಲ್ಲಿ 4 ಕೊಡುವುದೇ ಇಲ್ಲ. "ಮಗ್ಗಿ ಬಾಯಿಪಾಠ ಬರುತ್ತದೆ" ಎಂಬಂಥ ಸಾಲುಗಳಲ್ಲಿ 3ರ ಮೇಲೆ ಹೋಗಲು ಜಾಗವೇ ಇಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2023-24ರಿಂದ ಒಂಬತ್ತನೇ ತರಗತಿಯವರೆಗೆ ಇಂಥದೇ ನಾಲ್ಕು ಹಂತಗಳನ್ನು ಜಾರಿಗೆ ತಂದಾಗ ಸಂಖ್ಯೆಗಳನ್ನು ಬಿಟ್ಟು ಪದಗಳನ್ನು ಬಳಸಿತು: ಚಿಗುರುತ್ತಿದೆ, ಬೆಳೆಯುತ್ತಿದೆ, ಸಿದ್ಧಿಸಿದೆ, ವಿಸ್ತರಿಸುತ್ತಿದೆ ಎಂಬ ಅರ್ಥದವು. ಪದಗಳನ್ನು ಕೂಡಿ ನಾಲ್ಕರಿಂದ ಭಾಗಿಸಲು ಯಾವ ಅಪ್ಪನಿಗೂ ಆಗುವುದಿಲ್ಲ ಎಂಬಷ್ಟರ ಮಟ್ಟಿಗೆ ಅದು ಮೇಲು.

ವಿಷಯಜ್ಞಾನದ ಸಾಲುಗಳ ಜೊತೆಗೆ, ಪತ್ರದಲ್ಲಿ ಬೇರೆಯೇ ಒಂದು ಪೆಟ್ಟಿಗೆಯಲ್ಲಿ, ಮನೆಗೆಲಸವನ್ನು ಸಮಯಕ್ಕೆ ಕೊಡುತ್ತಾಳೆಯೇ, ಗುಂಪಿನಲ್ಲಿ ಕೆಲಸ ಮಾಡುತ್ತಾಳೆಯೇ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾಳೆಯೇ ಎಂಬ ಸಾಲುಗಳು ಇರಬೇಕು. ಇದನ್ನು ಬೇರೆಯಾಗಿ ಇಟ್ಟಿರುವುದು ಈ ಪದ್ಧತಿಯ ಅತಿ ಒಳ್ಳೆಯ ಗುಣ ಎಂದು ನನಗನ್ನಿಸುತ್ತದೆ. ಹಳೆಯ ಕ್ರಮದಲ್ಲಿ ನಾಲ್ಕು ಪರೀಕ್ಷೆಗಳಲ್ಲಿ 90 ತೆಗೆದ ಮಗು ಒಂದು ಮನೆಗೆಲಸ ಕೊಡದೆ ಸೊನ್ನೆ ಪಡೆದರೆ ಸರಾಸರಿ 72ಕ್ಕೆ ಇಳಿಯುತ್ತದೆ. ಗಣಿತ ಬರುವುದಿಲ್ಲವೋ, ಪುಸ್ತಕ ಮರೆತುಬಂದಳೋ ಎಂದು ಆ 72 ಹೇಳುವುದಿಲ್ಲ. ಗ್ರೇಡಿಂಗ್ ವಿಷಯದಲ್ಲಿ ಬಹುಕಾಲ ಕೆಲಸ ಮಾಡಿರುವ ಥಾಮಸ್ ಗಸ್ಕಿ ಮೂರು ಸಂಗತಿಗಳನ್ನು ಬೆರೆಸಬೇಡಿ ಎನ್ನುತ್ತಾರೆ: ಮಗು ಈಗ ಏನು ಬಲ್ಲದು, ಹೇಗೆ ಕೆಲಸ ಮಾಡುತ್ತದೆ, ಹಿಂದಿನದಕ್ಕಿಂತ ಎಷ್ಟು ಮುಂದೆ ಬಂದಿದೆ. ನಿಮ್ಮ ಪತ್ರದಲ್ಲಿ ಮೊದಲ ಎರಡು ಇವೆ. ಮೂರನೆಯದು ಬಹುತೇಕ ಪತ್ರಗಳಲ್ಲಿ ಇರುವುದಿಲ್ಲ, ಅದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಒಂದು ಎಚ್ಚರಿಕೆ. ಮೂರನೇ ತರಗತಿಯ ಮಕ್ಕಳು ವಸಂತ ಕಾಲದಲ್ಲಿ ಸ್ಮಾರ್ಟರ್ ಬ್ಯಾಲೆನ್ಸ್ಡ್ ಎಂಬ ರಾಜ್ಯ ಪರೀಕ್ಷೆಯನ್ನು ಮೊದಲ ಬಾರಿಗೆ ಬರೆಯುತ್ತಾರೆ. ಅದರ ಫಲಿತಾಂಶವೂ 1ರಿಂದ 4ರ ನಾಲ್ಕು ಹಂತಗಳಲ್ಲಿಯೇ ಬರುತ್ತದೆ. ಅದು ಕಂಪ್ಯೂಟರಿನಲ್ಲಿ ಕೆಲವೇ ಗಂಟೆ ಬರೆದ ಪರೀಕ್ಷೆಯ ಅಂಕವನ್ನು ಹಂತಗಳಾಗಿ ಹಂಚಿದ್ದು. ಪ್ರಗತಿ ಪತ್ರದ್ದು ಟೀಚರ್ ತಿಂಗಳುಗಟ್ಟಲೆ ಕಂಡ ಕೆಲಸದ ಮೇಲಿನ ತೀರ್ಮಾನ. ಎರಡಕ್ಕೂ ಒಂದೇ ಅಂಕಿಗಳನ್ನು ಇಟ್ಟದ್ದು ಪೋಷಕರ ದುರದೃಷ್ಟ. ಒಂದರಲ್ಲಿ 3, ಇನ್ನೊಂದರಲ್ಲಿ 2 ಬಂದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ.

ಈಗ ಆ 20 ನಿಮಿಷಗಳ ವಿಷಯ. 17 ಮೂರುಗಳ ಬಗ್ಗೆ ಮಾತನಾಡಲು ಹೊತ್ತಿಲ್ಲ, ಬೇಕಾಗಿಯೂ ಇಲ್ಲ. ಐದು ಎರಡುಗಳಲ್ಲಿ ನಿಮಗೆ ಮುಖ್ಯವೆನಿಸಿದ ಎರಡನ್ನು ಮನೆಯಲ್ಲಿಯೇ ಆರಿಸಿಕೊಂಡು, ಆ ಸಾಲುಗಳಿಗೆ ಸಂಬಂಧಿಸಿದ ಮಗಳ ಕೆಲಸವನ್ನು ತೆಗೆದಿಡುವಂತೆ ಟೀಚರಿಗೆ ಎರಡು ದಿನ ಮೊದಲೇ ಒಂದು ಇಮೇಲ್ ಬರೆಯಿರಿ. ಹಾಳೆ ಮೇಜಿನ ಮೇಲಿದ್ದರೆ ಮಾತು ತಾನಾಗಿ ಸರಿದಾರಿಗೆ ಬರುತ್ತದೆ. "ಇದರಲ್ಲಿ ಏನನ್ನು ಕಂಡು 2 ಎಂದಿರಿ, 3 ಆಗಿದ್ದರೆ ಇದೇ ಹಾಳೆ ಹೇಗಿರುತ್ತಿತ್ತು?" ಎಂದು ಕೇಳಿ, ಸಾಧ್ಯವಾದರೆ ಹೆಸರು ಮುಚ್ಚಿದ 3ರ ಮಾದರಿಯೊಂದನ್ನು ತೋರಿಸಲು ಕೇಳಿ. ಸೆಪ್ಟೆಂಬರಿನ ಒಂದು ಹಾಳೆ, ಜನವರಿಯ ಒಂದು ಹಾಳೆ ಅಕ್ಕಪಕ್ಕ ಇಟ್ಟು ನೋಡಿದರೆ, ಪತ್ರ ಹೇಳದ ಆ ಮೂರನೆಯ ಸಂಗತಿ ನಿಮ್ಮ ಕಣ್ಣಿಗೇ ಕಾಣುತ್ತದೆ. ಕೊನೆಗೆ, ಶಾಲೆಯಲ್ಲಿ ಇದಕ್ಕೆ ಏನು ಮಾಡುತ್ತೀರಿ, ಮತ್ತೆ ಯಾವಾಗ ನೋಡುತ್ತೀರಿ ಎಂದು ಕೇಳಿ. ಈ ಪದ್ಧತಿಯಲ್ಲಿ ಮತ್ತೊಮ್ಮೆ ತೋರಿಸುವ ಅವಕಾಶ ಕೊಡುವುದು ಯಾರೋ ಮಾಡುವ ಉಪಕಾರವಲ್ಲ, ಅದು ಪದ್ಧತಿಯ ಭಾಗವೇ. ಹಾಗಾಗಿ ಕೇಳಲು ಸಂಕೋಚಪಡಬೇಡಿ. "ನಮ್ಮ ಮಗಳು ತರಗತಿಯಲ್ಲಿ ಎಷ್ಟನೆಯವಳು?" ಎಂದು ಮಾತ್ರ ಕೇಳಬೇಡಿ. ಉತ್ತರ ಸಿಗುವುದಿಲ್ಲ, ನಿಮ್ಮ ಐದು ನಿಮಿಷ ಹೋಗುತ್ತದೆ.

ಭೇಟಿಗೆ ಮಗಳನ್ನೂ ಕರೆದುಕೊಂಡು ಹೋಗಲು ಸಾಧ್ಯವಿದ್ದರೆ ಕರೆದುಕೊಂಡು ಹೋಗಿ. ಕೆಲವು ಶಾಲೆಗಳಲ್ಲಿ ಮಗುವೇ ತನ್ನ ಕೆಲಸವನ್ನು ಪೋಷಕರಿಗೆ ವಿವರಿಸುವ ಕ್ರಮವಿದೆ. ಆದರೆ ಮನೆಯಲ್ಲಿ ಅವಳ ಮುಂದೆ "ನೀನು ಟೂ, ನೀನು ತ್ರೀ" ಎಂಬ ಮಾತು ಬಾರದಿರಲಿ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವು ಮಕ್ಕಳಿಗೆ ಬರಿಯ ಟಿಪ್ಪಣಿ, ಕೆಲವರಿಗೆ ಬರಿಯ ಅಂಕ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಯಿತು. ಟಿಪ್ಪಣಿ ಮಾತ್ರ ಪಡೆದವರ ಮುಂದಿನ ಕೆಲಸ ಸುಧಾರಿಸಿತು. ಅಂಕದ ಜೊತೆ ಟಿಪ್ಪಣಿ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡ ಕಣ್ಣು ಟಿಪ್ಪಣಿಯತ್ತ ಹೊರಳುವುದಿಲ್ಲ ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ನಾಲ್ಕು ಹಂತಗಳ ಈ ಸಂಖ್ಯೆಯೂ ಬಹುಬೇಗ ಹಳೆಯ ಅಂಕವಾಗಿಬಿಡಬಲ್ಲದು.

ಇದು ನಿಮ್ಮ ಮನೆಯೊಂದರ ಗೊಂದಲವೂ ಅಲ್ಲ. ಅಮೆರಿಕದ್ದೇ ಆದ ಮೇನ್ ರಾಜ್ಯ 2012ರಲ್ಲಿ ಪ್ರೌಢಶಾಲೆಯ ಡಿಪ್ಲೊಮಾವನ್ನೇ ಇಂಥ ಪ್ರಾವೀಣ್ಯದ ಮೇಲೆ ಕೊಡಬೇಕೆಂದು ಕಾನೂನು ಮಾಡಿ, 2018ರಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿತು. ವಿರೋಧಕ್ಕೆ ಕಾರಣ ಹಲವಿದ್ದವು. ಪತ್ರದ ಸಂಖ್ಯೆಗಳು ಅರ್ಥವಾಗುತ್ತಿಲ್ಲ, ಕಾಲೇಜುಗಳಿಗೆ ಅರ್ಥವಾಗುತ್ತವೆಯೋ ಇಲ್ಲವೋ ಎಂಬ ಪೋಷಕರ ಅಳಲು ಅವುಗಳಲ್ಲಿ ಸಣ್ಣದೇನಲ್ಲ.

ನಿಮ್ಮ ಮಾವನವರಿಗೆ ಇದನ್ನು ವಿವರಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ, ಬಹುಶಃ ಯಜಮಾನರಿಗಿಂತ ಅವರಿಗೇ ಬೇಗ ಅರ್ಥವಾದೀತು. "ನಲಿ-ಕಲಿಯ ಏಣಿಯ ಹಾಗೆ" ಎನ್ನಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಮುಂದೆ ಕರ್ನಾಟಕದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಹಬ್ಬಿದ ಆ ಕ್ರಮದಲ್ಲಿ, ಒಂದೇ ಕೋಣೆಯಲ್ಲಿ ಕುಳಿತ ಮಕ್ಕಳು ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲುಗಳಲ್ಲಿರುತ್ತಾರೆ, ಒಂದು ಮೈಲಿಗಲ್ಲು ಮುಗಿಸಿದವರು ಮುಂದಿನದಕ್ಕೆ ಹೋಗುತ್ತಾರೆ, ಯಾರು ಎಲ್ಲಿದ್ದಾರೆ ಎಂಬುದು ಪ್ರಗತಿ ನೋಟದಲ್ಲಿ ಕಾಣುತ್ತದೆ. ಅಲ್ಲಿ ಯಾರೂ "ಎಷ್ಟನೆಯವಳು" ಎಂದು ಕೇಳುವುದಿಲ್ಲ, "ಯಾವ ಮೆಟ್ಟಿಲಲ್ಲಿದ್ದಾಳೆ" ಎಂದು ಕೇಳುತ್ತಾರೆ. ಹಾಸನದ ನಿವೃತ್ತ ಮೇಷ್ಟ್ರಿಗೆ ಇದು ಗೊತ್ತಿಲ್ಲದೆ ಇರಲಾರದು. ಅದಕ್ಕೂ ಮೇಲು ಎಂದರೆ, ಮುಂದಿನ ವಾರ ವಿಡಿಯೊ ಕರೆ ಮಾಡಿದಾಗ ಮಗಳ ಕೈಯಲ್ಲಿ ಒಂದು ಹಾಳೆ ಕೊಟ್ಟು, ಮುಕ್ಕಾಲು ಎಲ್ಲಿ ಬರುತ್ತದೆ ಎಂದು ತಾತನಿಗೆ ಗೆರೆ ಎಳೆದು ತೋರಿಸಲು ಹೇಳಿ. ನಾಲ್ಕು ಗೀಟು ಹಾಕಿದಳೋ ಮೂರು ಹಾಕಿದಳೋ ಎಂದು ಅವರು ನಿಮಗಿಂತ ಮೊದಲು ನೋಡಿಬಿಡುತ್ತಾರೆ.

ಬೆಂಗಳೂರಿಗೆ ಮರಳುವ ವಿಷಯ. ಕರ್ನಾಟಕದಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಅಡಿಯಲ್ಲಿ ರೂಪಣಾತ್ಮಕ (ಕಲಿಕೆಯ ನಡುವೆ ನಡೆಯುವ), ಸಂಕಲನಾತ್ಮಕ (ಅವಧಿಯ ಕೊನೆಗೆ ನಡೆಯುವ) ಎಂಬ ಎರಡು ಬಗೆಯ ಪರೀಕ್ಷೆಗಳನ್ನು ಮಾಡಿ ಗ್ರೇಡು ಕೊಡುತ್ತವೆ, ಆದರೆ ಆ ಗ್ರೇಡು ಹುಟ್ಟುವುದು ಶೇಕಡಾವಾರು ಅಂಕದಿಂದಲೇ: 90ರಿಂದ ಮೇಲಕ್ಕೆ ಎ ಪ್ಲಸ್, 70ರಿಂದ 89ಕ್ಕೆ ಎ, ಹೀಗೆ. ನಿಮ್ಮ 3ನ್ನು ಆ ಪಟ್ಟಿಯಲ್ಲಿ ಎಲ್ಲಿಯೂ ಸರಿಯಾಗಿ ಕೂರಿಸಲಾಗದು, ಆದ್ದರಿಂದ ಯಾವ ಶಾಲೆಗೂ ನೀವಾಗಿ ಪರಿವರ್ತಿಸಿದ ಶೇಕಡಾವಾರು ಕೊಡಬೇಡಿ. ಹಂತಗಳ ವಿವರಣೆ ಇರುವ ಪುಟವನ್ನೂ ಸೇರಿಸಿ ಪ್ರಗತಿ ಪತ್ರವನ್ನು ಇದ್ದ ಹಾಗೆಯೇ ಕೊಡಿ. ಎನ್‌ಸಿಇಆರ್‌ಟಿ 2017ರಲ್ಲಿ ತರಗತಿವಾರು ಕಲಿಕಾ ಫಲಗಳನ್ನು ಪ್ರಕಟಿಸಿದ ಮೇಲೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಗ್ರ ಪ್ರಗತಿ ಪತ್ರದ ಮಾತೆತ್ತಿದ ಮೇಲೆ, ಇಲ್ಲಿನ ಶಿಕ್ಷಕರಿಗೂ ಈ ಭಾಷೆ ಅಪರಿಚಿತವಲ್ಲ. ಆದರೂ ಐದನೇ ತರಗತಿಗೆ ಬಂದು ಕೂತ ಮಗುವಿಗೆ ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 17 ಎಂದು ಬರುತ್ತದೆ, ಆಗ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಅವಳಿಗೆ ವಿವರಿಸುವ ಕೆಲಸ ನಿಮ್ಮದಾಗುತ್ತದೆ.

ಅಲ್ಲಿಯವರೆಗೆ ಒಂದು ಕಡತ ಮಾಡಿ. ತಿಂಗಳಿಗೆ ಒಂದು ಗಣಿತದ ಹಾಳೆ, ಒಂದು ಬರವಣಿಗೆಯ ಹಾಳೆ, ಮೇಲೆ ದಿನಾಂಕ. ಚೆನ್ನಾಗಿ ಬಂದವನ್ನು ಮಾತ್ರ ಆರಿಸಬೇಡಿ, ತಪ್ಪಿರುವವೂ ಇರಲಿ. ಇಂಗ್ಲಿಷ್ ಬರವಣಿಗೆಯ ಜೊತೆಗೆ ಅವಳು ತಾತನಿಗೆ ಕನ್ನಡದಲ್ಲಿ ಬರೆದ ನಾಲ್ಕು ಸಾಲಿದ್ದರೆ ಅದನ್ನೂ ಹಾಕಿ. ಬೆಂಗಳೂರಿನ ಶಾಲೆಯಲ್ಲಿ ಕನ್ನಡದ ಟೀಚರ್ ಮೊದಲು ಕೇಳುವುದು ಅದನ್ನೇ.